ಶುದ್ಧ ಕಿವಿ

ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ನನ್ನ ಬೆನ್ನ ಹಿಂದೆ ಒಂದು ತಮಾಷೆ ಓಡಾಡುತ್ತಿತ್ತು. ಬೇರೆಯವರ ಪ್ರಯೋಗಶಾಲೆಯಲ್ಲಿ ಮೊದಲು ಉಪಕರಣ ಸರಿಯಿದೆಯೇ ಎಂದು ನೋಡುತ್ತಾರೆ, ಈ ಮೇಡಂ ಮೊದಲು ಹುಡುಗರ ಹಣೆ ಮುಟ್ಟಿ ನೋಡುತ್ತಾರೆ ಎಂದು. ಸುಳ್ಳಲ್ಲ. ಎಲೆಕ್ಟ್ರಾನಿಕ್ಸ್ ಸಂಶೋಧನೆಗೆಂದು ಬಂದ ಪ್ರತಿಯೊಬ್ಬ ಹುಡುಗನನ್ನೂ ಹುಡುಗಿಯನ್ನೂ ಕೆಲಸಕ್ಕೆ ಹಚ್ಚುವ ಮುಂಚೆ ಮುಖ ನೋಡಿದ್ದೇನೆ, ಬಾಡಿದ್ದರೆ ವಾಪಸು ಕಳಿಸಿದ್ದೇನೆ. ಕೆಲವರು ಮುದುಕಿಗೆ ಅರಳುಮರಳು ಎಂದರು. ಅನ್ನಲಿ, ನನಗೇನು ನಷ್ಟ? ನಾನು ಯಾರ ಮುಖವನ್ನು ನೋಡುತ್ತಿದ್ದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಆ ಮುಖದ ಕತೆ ಹತ್ತೊಂಬತ್ತುನೂರ ಮೂವತ್ತರ ದಶಕದ್ದು. ಆಗ ನಾವು ಶಿರಸಿಯಲ್ಲಿದ್ದೆವು. ಅಪ್ಪ ಧಾರವಾಡದ ಕಡೆಯಿಂದ ವರ್ಗವಾಗಿ ಅಲ್ಲಿಯ ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾಗಿ ಬಂದಿದ್ದ. ನಾನೂ ಅದೇ ಶಾಲೆಯಲ್ಲಿ, ಹುಡುಗರಿಂದ ದೂರ ಹಾಕಿದ ಒಂದು ಬೆಂಚಿನ ಮೇಲೆ ಒಬ್ಬಳೇ ಕೂತು ಕಲಿಯುತ್ತಿದ್ದೆ. ಅಪ್ಪ ಹರೆಯದಲ್ಲಿ ಮುಂಬಯಿಯ ಕಾಲೇಜೊಂದರಲ್ಲಿ ನಿಸ್ತಂತು ವಿದ್ಯೆಯ ಮೇಲೆ ಸಂಶೋಧನೆ ಶುರು ಮಾಡಿದ್ದನಂತೆ. ಅಜ್ಜ ತೀರಿಕೊಂಡು ಮನೆಯ ಭಾರ ಹೆಗಲಿಗೆ ಬಿದ್ದಾಗ ಅರ್ಧಕ್ಕೆ ಬಿಟ್ಟು ಮಾಸ್ತರಿಕೆಗೆ ಸೇರಿದ. ಆ ಅರ್ಧ ಉಳಿದ ಕೆಲಸ ಅವನನ್ನು ಬಿಡಲಿಲ್ಲ. ಊಟಕ್ಕೆ ಕೂತಾಗಲೂ ಎಲ್ಲೋ ಕಿವಿಗೊಟ್ಟವನ ಹಾಗೆ ಇರುತ್ತಿದ್ದ. ಅವ್ವ ಎರಡು ಸಲ ಕೇಳಿದ ಮೇಲೆ ಸಾರು ಬೇಕೋ ಬೇಡವೋ ಹೇಳುತ್ತಿದ್ದ.

ಅವನ ವಿಷಯ ಇಷ್ಟೇ. ಎಲ್ಲೋ ದೂರದಲ್ಲಿ, ಸಮುದ್ರದಾಚೆ ಮಿಂಚು ಹೊಡೆದರೆ ಅದರ ಅಲೆ ಆಕಾಶದಲ್ಲಿ ಹರಡುತ್ತದೆ. ಉದ್ದನೆಯ ತಂತಿ ಕಟ್ಟಿ, ಅದನ್ನು ಸದ್ದು ಹಿಗ್ಗಿಸುವ ವಾಲ್ವಿನ ಪೆಟ್ಟಿಗೆಗೆ ಜೋಡಿಸಿ, ಹೆಡ್‌ಫೋನು ಕಿವಿಗಿಟ್ಟರೆ ಆ ಅಲೆ ಚಟಪಟ ಸದ್ದಾಗಿ ಕೇಳಿಸುತ್ತದೆ. ಆದರೆ ಅಪರೂಪಕ್ಕೆ ಆ ಚಟಪಟದ ನಡುವೆ, ಎತ್ತರದಿಂದ ಕೆಳಕ್ಕೆ ಇಳಿಯುವ ಒಂದು ಉದ್ದ ಸೀಟಿ ಕೇಳಿಸುತ್ತದೆಂದು ಹೊರದೇಶದಲ್ಲಿ ಕೆಲವರು ಹೇಳಿದ್ದರು. ಅದು ಏನು, ಎಲ್ಲಿಂದ ಬರುತ್ತದೆ ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಕಡೆಯೂ ಅದು ಕೇಳಿಸುತ್ತದೆಂದು ತೋರಿಸಿಕೊಟ್ಟರೆ ಅಪ್ಪನನ್ನು ಸಂಶೋಧನೆಗೆ ಮತ್ತೆ ಸೇರಿಸಿಕೊಳ್ಳುವುದಾಗಿ ಮುಂಬಯಿಯ ಪ್ರೊಫೆಸರರು ಮಾತು ಕೊಟ್ಟಿದ್ದರು. ಶಿರಸಿ ಆ ಕೆಲಸಕ್ಕೆ ಹೇಳಿ ಮಾಡಿಸಿದ ಊರು. ವಿದ್ಯುತ್ತು ಬಂದಿರಲಿಲ್ಲವಾದ್ದರಿಂದ ತಂತಿಯಲ್ಲಿ ಬೇರೆ ಗಲಾಟೆಯೇ ಇಲ್ಲ. ಕತ್ತಲೆಯ ಊರಿಗೆ ಬಂದು ಬಿದ್ದೆವೆಂದು ಅವ್ವ ಗೊಣಗಿದಷ್ಟೂ ಅಪ್ಪ ಖುಷಿಪಡುತ್ತಿದ್ದ.

ನಮ್ಮ ಬಾಡಿಗೆ ಮನೆಯ ಹಿತ್ತಿಲ ಕೋಣೆಯಿಂದ ಆಚೆಯ ಹಲಸಿನ ಮರಕ್ಕೆ ತಂತಿ ಎಳೆದಾಯಿತು. ಮಾಸ್ತರು ಭೂತದ ಮಾತು ಕೇಳಲಿಕ್ಕೆ ಹೊರಟಿದ್ದಾರೆಂದು ಬೀದಿಯಲ್ಲಿ ಸುದ್ದಿಯಾಯಿತು. ಇದೇನು ಚಳವಳಿಯವರ ಕಾರಭಾರವೋ ಎಂದು ಪೊಲೀಸ್ ಫೌಜದಾರ ಬಂದ. ಹೆಡ್‌ಫೋನು ಹಾಕಿಕೊಂಡು, ಕಡಲೆ ಹುರಿದ ಸದ್ದು ಕೇಳಿ, ಚಹಾ ಕುಡಿದು ಹೋದ.

ಕೇಳುವ ಕೆಲಸಕ್ಕೆ ಅಪ್ಪ ಆರಿಸಿಕೊಂಡದ್ದು ಮೂವರನ್ನು. ಒಬ್ಬ ಯಲ್ಲಾಪುರದವನು, ಅವನ ಮನೆಯವರದು ಮೋಟಾರಿನ ವ್ಯಾಪಾರ. ಪೆಟ್ಟಿಗೆಗೆ ಬೇಕಾದ ಬ್ಯಾಟರಿ ಅವರ ಬಸ್ಸಿನದೇ. "ಸರ್, ಅಬ್ಬಾ ಹೇಳ್ಯಾರೆ, ಬೆಳಿಗ್ಗೆ ಫಸ್ಟ್ ಗಾಡಿಗೆ ವಾಪಸ್ ಬೇಕಂತೆ, ಇಲ್ಲಾಂದ್ರೆ ಪ್ಯಾಸೆಂಜರ್ ಎಲ್ಲ ಇಳಿದು ಗಾಡಿ ನೂಕಬೇಕು" ಎನ್ನುತ್ತ ಅದನ್ನು ಹೊತ್ತು ತಂದು ಇಳಿಸುತ್ತಿದ್ದ. ಇನ್ನೊಬ್ಬ ವಾನಳ್ಳಿಯವನು. ಅಲ್ಲಿಯ ಅಡಿಕೆ ತೋಟಿಗರ ಮನೆಯ ಹುಡುಗ, ಶಿರಸಿಯ ದೇವಸ್ಥಾನದ ಪಡಸಾಲೆಯಲ್ಲಿ ಮಲಗಿ, ವಾರಾನ್ನ ಉಂಡು ಓದುತ್ತಿದ್ದ. ದಿನಕ್ಕೊಂದು ಮನೆಯಲ್ಲಿ ಊಟ, ನಮ್ಮ ಮನೆಯಲ್ಲಿ ಗುರುವಾರ. ಮೂರನೆಯವಳು ನಾನು. ಮಗಳೆಂದು ಸೇರಿಸಿಕೊಂಡನೇ ಹೊರತು ನನ್ನ ಬುದ್ಧಿ ನೋಡಿ ಅಲ್ಲ, ಅದು ನನಗೆ ಆಗಲೇ ಗೊತ್ತಿತ್ತು, ಸಿಟ್ಟೂ ಇತ್ತು.

ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿಸುತ್ತಿದ್ದ ಕಾಲವದು. ಅಪ್ಪ ನಮಗೆ ಕಲಿಸಿದ್ದೇ ಬೇರೆ. ಮುಸ್ಸಂಜೆ ಹೊತ್ತು ಸರದಿಯ ಮೇಲೆ ಒಬ್ಬೊಬ್ಬರೇ ಕೋಣೆಗೆ ಹೋಗಬೇಕು, ಬಾಗಿಲು ಹಾಕಿಕೊಳ್ಳಬೇಕು. ಸೀಟಿ ಕೇಳಿಸಿದಾಗಲೆಲ್ಲ ಪಾಟಿಯ ಮೇಲೆ ಒಂದು ಗೀಟು ಎಳೆಯಬೇಕು. ಹೊರಗೆ ಬಂದಾಗ ಪಾಟಿಯನ್ನು ಎದೆಗೆ ಒತ್ತಿ ಹಿಡಿದು ನೇರವಾಗಿ ಅಪ್ಪನ ಕೈಗೆ ಕೊಡಬೇಕು, ಒಬ್ಬರದನ್ನು ಒಬ್ಬರು ನೋಡಕೂಡದು, ಮಾತಾಡಕೂಡದು.

"ನಿಮ್ಮ ಕಿವಿಗೆ ಏನ್ ಕೇಳ್ತದೋ ಅದನ್ನ ಬರೀರಿ. ನಿಮ್ಮ ಮಾಸ್ತರಿಗೆ ಏನ್ ಬೇಕಾಗೇದೋ ಅದನ್ನ ಬರೀಬ್ಯಾಡ್ರಿ" ಎನ್ನುತ್ತಿದ್ದ. "ಏನೂ ಕೇಳಲಿಲ್ಲಾ ಅಂದ್ರ 'ಇಲ್ಲ' ಅಂತ ಬರೀರಿ. 'ಇಲ್ಲ' ಅನ್ನೋದೂ ಲೆಕ್ಕಾನ."

ಇಂಥ ಮಾತನ್ನು ನಮಗೆ ಯಾರೂ ಹೇಳಿರಲಿಲ್ಲ. ವಾನಳ್ಳಿಯವನಂತೂ ಅಪ್ಪನ ಬಾಯನ್ನೇ ನೋಡುತ್ತ ನಿಂತುಬಿಡುತ್ತಿದ್ದ. ಮಾತು ಕಡಿಮೆ, ತೆಳ್ಳಗೆ ಇದ್ದ. ದಿನಕ್ಕೊಂದು ಮನೆಯಲ್ಲಿ ತಲೆ ತಗ್ಗಿಸಿ ಉಣ್ಣುವ ಹುಡುಗನಿಗೆ, ನಿನಗೆ ಏನು ಕೇಳಿಸಿತು ಎಂದು ಒಬ್ಬ ದೊಡ್ಡ ಮನುಷ್ಯ ಕೇಳುವುದೇ ಎಷ್ಟು ದೊಡ್ಡದಿತ್ತೋ! ಅದು ನನಗೆ ಆಮೇಲೆ, ನಾನೇ ಹುಡುಗರನ್ನು ಕೇಳುವ ಜಾಗದಲ್ಲಿ ನಿಂತ ಮೇಲೆ ಹೊಳೆಯಿತು.

ಸೀಟಿ ಕೇಳಿಸಿತು. ಮೊದಲ ವಾರದಲ್ಲೇ ಮೂವರ ಪಾಟಿಯ ಮೇಲೂ ಗೀಟು ಬಿದ್ದವು. ಅಪ್ಪ ಹಿಗ್ಗಿ ಹೀರೇಕಾಯಿಯಾದ. ಮುಂಬಯಿಯಲ್ಲಿ ಮನೆ ಎಲ್ಲಿ ಹಿಡಿಯುವುದೆಂದು ಅವ್ವನ ಹತ್ತಿರ ಮಾತಾಡಿದ, ನನ್ನನ್ನು ಯಾವ ಕಾಲೇಜಿಗೆ ಹಾಕುವುದೆಂದೂ ಹೇಳಿದ. ಆದರೂ ಅವನು ತನ್ನನ್ನೇ ನಂಬುವವನಲ್ಲ. ಒಂದು ಸಂಜೆ ನಮಗೆ ಗೊತ್ತಾಗದ ಹಾಗೆ ತಂತಿಯನ್ನು ಪೆಟ್ಟಿಗೆಯಿಂದ ಬಿಡಿಸಿಟ್ಟು, ಎಂದಿನಂತೆ ನಮ್ಮನ್ನು ಒಳಗೆ ಕಳಿಸಿದ. ಚಟಪಟ ಇಲ್ಲದ್ದನ್ನು ನಾವು ಗಮನಿಸಿದೆವು, ಆಕಾಶ ಇವತ್ತು ಶಾಂತ ಇದೆ ಎಂದುಕೊಂಡೆವು. ಸೀಟಿಗೆ ಮಾತ್ರ ಗೀಟು ಎಳೆದೆವು. ಅಪ್ಪ ಮೂರೂ ಪಾಟಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದ.

"ತಂತೀನ ಇರಲಿಲ್ಲ" ಅಂದ.

"ಅಲ್ಲಾನ ಆಣೆ ಸರ್, ಕೇಳ್ತು" ಎಂದು ಯಲ್ಲಾಪುರದವನು ಅಳುಮುಖ ಮಾಡಿದ.

"ನೀವು ಸುಳ್ಳು ಹೇಳೀರಿ ಅಂತ ನಾ ಅನ್ನಂಗಿಲ್ಲ. ನಿಮಗ ಕೇಳಸೇದ. ಆದ್ರ ಅದು ಆಕಾಶದ್ದಲ್ಲ."

ಆಮೇಲೆ ಹೆಡ್‌ಫೋನು ಇಲ್ಲದೆಯೇ ನಮ್ಮನ್ನು ಕಣ್ಣು ಮುಚ್ಚಿ ಕೂರಿಸಿದ. ಕೂತೆವು. ಸಣ್ಣಗೆ, ಎತ್ತರದಲ್ಲಿ, ಬಿಡದೆ ಒಂದು ಸದ್ದು. "ಇದಾ ಸರ್? ಇದು ಯಾವಾಗಲೂ ಇರ್ತದಲ್ಲ" ಎಂದ ವಾನಳ್ಳಿಯವನು.

ಇದು ಶಿರಸಿ, ಯಲ್ಲಾಪುರ, ಸಿದ್ದಾಪುರ ಈ ಮೂರು ತಾಲೂಕಿನವರು ಮಾತ್ರ ಮಾಡಬಹುದಾಗಿದ್ದ ತಪ್ಪು. ಆಗ ಅಲ್ಲಿ ಚಳಿಜ್ವರ ಇಲ್ಲದ ಮನೆಯೇ ಇರಲಿಲ್ಲ. ಸಿದ್ದಾಪುರದ ಕಡೆ ಊರಿಗೆ ಊರೇ ಕಂಬಳಿ ಹೊದ್ದು ಮಲಗಿದ್ದನ್ನು ನೋಡಿದವರಿದ್ದರು, ಮಕ್ಕಳ ಹೊಟ್ಟೆಯಲ್ಲಿ ಜ್ವರಗಡ್ಡೆ ಕೈಗೆ ಸಿಗುತ್ತಿತ್ತು. ಮಳೆಗಾಲ ಮುಗಿದದ್ದೇ ಶಾಲೆಯಲ್ಲಿ ವಾರದ ಮೊದಲೆರಡು ದಿನ ಸಾಲು ನಿಲ್ಲಿಸಿ ಕ್ವಿನೈನ್ ಗುಳಿಗೆ ನುಂಗಿಸುತ್ತಿದ್ದರು. ಕ್ವಿನೈನ್ ತಿಂದರೆ ಕಿವಿ ಕೂಗುತ್ತದೆ. ಹುಟ್ಟಿದಾಗಿನಿಂದ ಕೂಗುವ ಕಿವಿಯನ್ನೇ ಹೊತ್ತವರಿಗೆ ಅದು ಒಂದು ಸದ್ದು ಎಂದೇ ಅನಿಸುವುದಿಲ್ಲ. ನಮಗೂ ಅಭ್ಯಾಸವಾಗಿ ಹೋಗಿತ್ತು. ಸೀಟಿಗೆಂದು ಕಾದು ಕೂತಾಗ ಅದೇ ಸದ್ದು ಎತ್ತರದಿಂದ ಇಳಿದ ಹಾಗೆ ಕೇಳಿಸಿತು, ಅಷ್ಟೇ.

ಅಪ್ಪ ಪಾಟಿಗಳನ್ನು ಒರೆಸಿದ. ಕೈ ತೊಳೆಯಲು ಹೊರಟವನು ಬಾಗಿಲಲ್ಲಿ ನಿಂತು, "ಇನ್ಮ್ಯಾಲೆ ಗುಳಿಗಿ ತಗೊಂಡವ್ರು ಕೇಳಲಿಕ್ಕೆ ಕೂಡಬ್ಯಾಡ್ರಿ" ಎಂದ.

ನಾನು ಅಲ್ಲೇ ಇದ್ದೆ, ಆ ವಾಕ್ಯವನ್ನು ನನ್ನ ಕಿವಿಯಾರೆ ಕೇಳಿದೆ. ಬೇಸಿಗೆಯಲ್ಲಿ ಗುಳಿಗೆ ನಿಲ್ಲುತ್ತದೆ, ಅಲ್ಲಿಯತನಕ ಕಾಯೋಣ ಎಂಬುದು ಅವನ ಅರ್ಥ. ಆ ವಾಕ್ಯದಲ್ಲಿ ತಪ್ಪಿಲ್ಲ. ಸಂಶೋಧನೆ ಕಲಿಸುವ ಯಾರಾದರೂ ಅದನ್ನು ಹೇಳಲೇಬೇಕು, ನಾನೂ ಬೇರೆ ಬೇರೆ ಮಾತಿನಲ್ಲಿ ಹೇಳಿದ್ದೇನೆ. ಹೇಳಿದಾಗಲೆಲ್ಲ ನನ್ನ ಬೆನ್ನಿನ ಹಿಂದೆ ಒಬ್ಬ ತೆಳ್ಳನೆಯ ಹುಡುಗ ನಿಂತು ಕೇಳಿಸಿಕೊಳ್ಳುತ್ತಿದ್ದಾನೆ ಅನ್ನಿಸಿ ತಿರುಗಿ ನೋಡಿದ್ದೇನೆ.

ಮುಂದಿನ ವಾರ ವಾನಳ್ಳಿಯವನು ಬಂದ. "ಸರ್, ನನಗೆ ಗುಳಿಗೆ ಕಿವಿಗೆ ಹತ್ತೋದಿಲ್ಲ. ಆವತ್ತು ಎಲ್ಲರಿಗೂ ಕೇಳಿರ್ತದೆ ಅಂದ್ಕೊಂಡು ನಾನೂ ಗೀಟು ಎಳೆದಿದ್ದೆ. ಈಗ ಕೂತ್ಕೊಳ್ಳಲಾ?" ಎಂದು ಕೇಳಿದ. ಅಪ್ಪ ಹಿಂದಿನ ಉಪಾಯವನ್ನೇ ಮತ್ತೆ ಹೂಡಿ ಪರೀಕ್ಷೆ ಮಾಡಿದ. ತಂತಿ ಬಿಡಿಸಿದ ದಿನ ಅವನ ಪಾಟಿಯ ಮೇಲೆ, ಚಟಪಟವೂ ಇಲ್ಲ, ಸೀಟಿಯೂ ಇಲ್ಲ. ಜೋಡಿಸಿದ ದಿನ ಚಟಪಟ ಇದೆ, ಸೀಟಿ ಇಲ್ಲ. ಅಪ್ಪನಿಗೆ ಹೋದ ಜೀವ ಬಂದ ಹಾಗಾಯಿತು. ಸೀಟಿ ಸಿಗದಿದ್ದರೂ ನಂಬಬಹುದಾದ ಒಬ್ಬ ಕೇಳುಗ ಸಿಕ್ಕಿದ್ದ. ಕಾದರೆ ಎಂದಾದರೂ ಒಂದು ನಿಜವಾದ ಸೀಟಿ ಇವನಿಗೆ ಸಿಕ್ಕೀತು ಎಂದು ಆಸೆ. "ನಮ್ಮ ಶುದ್ಧ ಕಿವಿ" ಎಂದು ಅಪ್ಪ ಅವನನ್ನು ಕರೆದಾಗ ಆ ಹುಡುಗನ ಮುಖ ಕೆಂಪಾದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನನಗೆ ಹೊಟ್ಟೆಕಿಚ್ಚಾಯಿತು.

ಶಾಲೆಯಲ್ಲಿ ಸಾಲು ನಿಲ್ಲಿಸಿ ಗುಳಿಗೆ ಕೊಡುವ ಕೆಲಸ ಅಪ್ಪನದೇ. ಅವನ ಕಣ್ಣೆದುರಿಗೇ ಆ ಹುಡುಗ ಬಾಯಿ ತೆರೆದು ಗುಳಿಗೆ ಹಾಕಿಕೊಂಡು ನೀರು ಕುಡಿದು ಮುಂದೆ ಹೋಗುತ್ತಿದ್ದ. ಎಲ್ಲರೂ ನೋಡಿದ್ದೇವೆ.

ಅವನು ಸೊರಗುತ್ತಿದ್ದದ್ದು ಯಾರಿಗೂ ಕಾಣಲಿಲ್ಲವೇ ಎಂದು ನೀವು ಕೇಳಬಹುದು. ಕಾಣಲಿಲ್ಲ. ಜ್ವರ ಬರುವುದು ದಿನ ಬಿಟ್ಟು ದಿನ, ಅವನು ಉಣ್ಣುವುದು ದಿನಕ್ಕೊಂದು ಮನೆಯಲ್ಲಿ. ಒಂದು ಮನೆಯವರು ಅನ್ನ ಬಿಟ್ಟದ್ದನ್ನು ನೋಡಿದರೆ, ಇನ್ನೊಂದು ಮನೆಯವರು ಸರಿಯಾಗಿ ಉಂಡದ್ದನ್ನು ನೋಡಿದರು. ಗುರುವಾರ ನಮ್ಮಲ್ಲಿ ಮಜ್ಜಿಗೆ ಅನ್ನ ಮುಟ್ಟದೆ ಎದ್ದಾಗ ಅವ್ವ, "ನಿನ್ನೆ ಯಾರ ಮನ್ಯಾಗ ಹಬ್ಬದಡಗಿ ಹೊಡದಿಯೋ" ಎಂದು ಚೇಷ್ಟೆ ಮಾಡಿದಳು. ಅವನು ನಕ್ಕ. ಹುಷಾರಿಲ್ಲದ ವಾರಾನ್ನದ ಹುಡುಗನನ್ನು ಮನೆಗೆ ಕಳಿಸಿಬಿಡುತ್ತಾರೆಂಬ ಭಯವೂ ಅವನಿಗಿದ್ದಿರಬೇಕು. ಶಾಲೆಯಲ್ಲೋ, ಮಧ್ಯಾಹ್ನ ಬೆಂಚಿಗೆ ತಲೆಯಿಟ್ಟು ನಡುಗುವ ಹುಡುಗರು ಆ ದಿನಗಳಲ್ಲಿ ಹೊಸ ಸಂಗತಿಯೇನಲ್ಲ.

ಒಂದು ಸಂಜೆ ಅವನು ಹೊರಗೆ ಬರುವ ಹೊತ್ತು ಮೀರಿತು. ನಾನೇ ಹೋಗಿ ಬಾಗಿಲು ನೂಕಿದೆ. ಗೋಡೆಗೆ ಒರಗಿ ಕೂತಿದ್ದ, ಹೆಡ್‌ಫೋನು ಕಿವಿಯ ಮೇಲೇ ಇತ್ತು. ಕಣ್ಣು ತೆರೆದಿದ್ದರೂ ನನ್ನನ್ನು ನೋಡಲಿಲ್ಲ. ಹಣೆ ಮುಟ್ಟಿದೆ, ಕೈ ಸುಟ್ಟಿತು. ಮಡಿಲಲ್ಲಿದ್ದ ಪಾಟಿಯ ಮೇಲೆ ಸೊಟ್ಟ ಅಕ್ಷರದಲ್ಲಿ 'ಇಲ್ಲ' ಎಂದು ಬರೆದಿತ್ತು.

ಯಲ್ಲಾಪುರದವನು ಓಡಿಹೋಗಿ ಮೋಟಾರು ತರಿಸಿದ. ದವಾಖಾನೆಯ ಡಾಕ್ಟರರು ಕಣ್ಣು ಬಿಡಿಸಿ ನೋಡಿ, "ಜ್ವರ ತಲೆಗೆ ಏರಿದೆ. ಗುಳಿಗೆ ತಗೊಳ್ಳುತ್ತಿದ್ದನೇ?" ಎಂದು ಕೇಳಿದರು.

"ತಪ್ಪದ ತಗೊಂಡಾನ್ರಿ. ನಾನ ನಿಂತು ನುಂಗಿಸೇನಿ" ಎಂದ ಅಪ್ಪ.

ಅಷ್ಟರಲ್ಲಿ ಹುಡುಗ ಮಾತಾಡಿದ. ಅದುವರೆಗೆ ನಮ್ಮ ಜೊತೆ ಶಾಲೆಯ ಕನ್ನಡವನ್ನೇ ಆಡುತ್ತಿದ್ದವನು ಆಗ ಮನೆಯ ಮಾತಿಗೆ ಹೊರಳಿದ್ದ. "ಆನು ಗುಳಿಗೆ ನುಂಗಿದ್ನಿಲ್ಲೆ ಸರ್. ನಾಲಗೆ ಅಡಿಗೆ ಇಟ್ಕಂಡು ಹೊರಗೆ ಬಂದು ಉಗಿದಿ. ಎನ್ನ ಕಿವಿ ಶುದ್ಧ ಇದ್ದು." ಹೇಳುವಾಗ ಅವನಿಗೆ ಹೆಮ್ಮೆಯಿತ್ತು. ಅಪ್ಪ ಶಭಾಷ್ ಅಂದಾನು ಎಂದು ಕಾದ ಹಾಗಿತ್ತು. ಸ್ವಲ್ಪ ತಡೆದು, "ಎನ್ನ ಲೆಕ್ಕ ಹಿಡೀತ್ರ, ಅಲ್ದ?" ಎಂದು ಕೇಳಿದ.

"ಹಿಡೀತೀನಿ ತಮ್ಮಾ, ಹಿಡೀತೀನಿ" ಎಂದ ಅಪ್ಪ.

ಸೂಜಿ ಚುಚ್ಚಿದರು, ತಲೆಗೆ ತಣ್ಣೀರು ಬಟ್ಟೆ ಹಾಕಿದರು. ಮರುದಿನ ವಾನಳ್ಳಿಯಿಂದ ಅವನ ಅಪ್ಪ ಅಮ್ಮ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಪಾಟಿಯ ಲೆಕ್ಕದಲ್ಲಿ ಒಳ್ಳೆಯದಾಗಿ ಉಳಿದದ್ದು ಅವನದೊಂದೇ. ಆದರೆ ಅಪ್ಪ ಅದನ್ನು ಹಿಡಿಯಲಿಲ್ಲ. ಯಾಕೆಂದು ನಾನು ಜಗಳಕ್ಕೇ ನಿಂತೆ. ಹುಡುಗ ಕೇಳಿಸಿಕೊಂಡದ್ದು ಜ್ವರದಲ್ಲಿ ಎಂದ ಅಪ್ಪ. ಗುಳಿಗೆಯ ಕಿವಿ ಶುದ್ಧವಲ್ಲ ಎಂದಮೇಲೆ ಜ್ವರದ ಕಿವಿಯೂ ಶುದ್ಧವಲ್ಲ. ಅಪ್ಪ ಹಾಕಿದ ನಿಯಮ ಅಪ್ಪನ ಕೈಯನ್ನೇ ಕಟ್ಟಿತು. "ಮಾತು ಕೊಟ್ಟೀಯಲ್ಲಪ್ಪಾ" ಎಂದೆ. "ಕೊಟ್ಟೇನಿ" ಎಂದ, ಅಷ್ಟೇ. ಮುಂಬಯಿಗೆ ಏನನ್ನೂ ಕಳಿಸಲಿಲ್ಲ. ಅವನ ಸಂಶೋಧನೆ ಅಲ್ಲಿಗೇ ನಿಂತಿತು.

ಆದರೆ ಮುಸ್ಸಂಜೆಯಾದರೆ ಅಪ್ಪ ಆ ಕೋಣೆಗೆ ಹೋಗುವುದು ನಿಲ್ಲಲಿಲ್ಲ. ಬ್ಯಾಟರಿ ಇಲ್ಲ, ತಂತಿ ಸುತ್ತಿಟ್ಟಾಗಿದೆ. ಹೆಡ್‌ಫೋನು ಹಾಕಿಕೊಂಡು ಸುಮ್ಮನೆ ಕೂತಿರುತ್ತಿದ್ದ. ಗೂಡಿನಲ್ಲಿ ಆ ಪಾಟಿ ಹಾಗೇ ಇತ್ತು, ಒರೆಸಲು ಯಾರಿಗೂ ಕೈ ಬರಲಿಲ್ಲ. ಅವ್ವ ದೀಪ ಹಚ್ಚಿ ಆ ಕೋಣೆಯ ಹೊಸ್ತಿಲ ಆಚೆಗೇ ಇಟ್ಟು ಬರುತ್ತಿದ್ದಳು. ಗುರುವಾರ ಬಂತೆಂದರೆ ಒಂದು ಎಲೆ ಜಾಸ್ತಿ ಹಾಕಿಬಿಟ್ಟು, ತೆಗೆಯಲೂ ಆಗದೆ ಅಲ್ಲೇ ಕೂತು ಅಳುತ್ತಿದ್ದಳು. ನಾನಂತೂ ಎಷ್ಟೋ ಸಂಜೆ ಆ ಬಾಗಿಲ ಹಿಂದೆ ಬಳಪ ಪಾಟಿಗೆ ತಾಗಿದ ಸದ್ದು ಕೇಳಿದ್ದೇನೆ. ನಾನು ವಿಜ್ಞಾನ ಓದಿದವಳು, ಅದು ಏನೂ ಅಲ್ಲವೆಂದು ನನಗೆ ಗೊತ್ತು. ಗೊತ್ತಿದ್ದೂ ಕೇಳಿದ್ದೇನೆ.

ಬಹಳ ವರ್ಷಗಳ ಮೇಲೆ, ನಾನೂ ಅದೇ ವಿದ್ಯೆಗೆ ಬಿದ್ದ ಮೇಲೆ, ಆ ಸೀಟಿ ಭೂಮಿಯ ಕಾಂತಶಕ್ತಿಯ ಹಾದಿ ಹಿಡಿದು ಬರುತ್ತದೆಂದೂ, ಭೂಮಧ್ಯರೇಖೆಗೆ ಇಷ್ಟು ಹತ್ತಿರದ ನಮ್ಮ ಕಡೆ ಅದು ಕೇಳಿಸುವುದು ಇಲ್ಲವೆನ್ನುವಷ್ಟು ಅಪರೂಪವೆಂದೂ ಓದಿದೆ. ಆ ಹುಡುಗ ಬರೆದದ್ದೇ ಸರಿಯಿತ್ತು. ಗ್ರಂಥಾಲಯದ ಮೇಜಿನ ಮುಂದೆ ಕೂತವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸರಿಯಾಗಿದ್ದರೆ ತಾನೇ ಏನಾಯಿತು! ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ, ಹೇಳೋಣವೆಂದರೆ ಯಾರೂ ಇರಲಿಲ್ಲ.

ಇಷ್ಟೆಲ್ಲ ಹೇಳಿದವಳು ಒಂದನ್ನು ಮುಂದೂಡುತ್ತ ಬಂದಿದ್ದೇನೆ. ಹುಡುಗನ ಕರ್ಮಾಂತರಗಳು ಮುಗಿದ ಮೇಲೆ ಅಪ್ಪ ವಾನಳ್ಳಿಗೆ ಹೊರಟ. ಬರಲಾರೆನೆಂದು ಅವ್ವ ಒಳಗೆ ಹೋದಳು, ನಾನು ಜೊತೆಗೆ ಹೋದೆ. ಜಗಲಿಯ ಮೇಲೆ ಹುಡುಗನ ಅಪ್ಪ ಕಂಬಕ್ಕೆ ಒರಗಿ ಕೂತಿದ್ದರು. ಅವನ ಅಮ್ಮ ಹೊರಗೆ ಬಂದು, ಬಂದವರನ್ನು ಯಾವಾಗಲೂ ಕೇಳುವ ಹಾಗೆಯೇ, "ಆಸರಿಗೆ ಎಂತ ಕುಡೀತ್ರಿ?" ಎಂದರು. ಉತ್ತರಕ್ಕೆ ಕಾಯದೆ ಬೆಲ್ಲ, ನೀರು ತಂದಿಟ್ಟರು.

ಅಪ್ಪ ಏನನ್ನೂ ಮುಚ್ಚಿಡಲಿಲ್ಲ. ತಾನು ಬಾಗಿಲಲ್ಲಿ ನಿಂತು ಹೇಳಿದ ಮಾತನ್ನು ಹೇಳಿದ. ಹುಡುಗ ಗುಳಿಗೆ ಉಗಿದದ್ದನ್ನು ಹೇಳಿದ. ಆ ತಾಯಿ ನಿಂತೇ ಕೇಳಿದರು. ಬೈದಿದ್ದರೆ ಅಪ್ಪನಿಗೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ.

"ಎಂತೋ ಕಂಡುಹಿಡೀತಾ ಇದ್ದಿ ಅಂತ ಹೇಳ್ತಿದ್ದ" ಎಂದರು. "ಎಂತ ಕಂಡುಹಿಡಿದ?"

ಲೆಕ್ಕ ಹಿಡಿಯಲಾಗದೆಂದು ತೀರ್ಮಾನಿಸಿದ್ದ ಅಪ್ಪ ಆಗ ಮಾತ್ರ ನಿಯಮ ಮೀರಿದ. "ಅಲ್ಲಿ ಸೀಟಿ ಇಲ್ಲ ಅಂತ ಕಂಡುಹಿಡದಾನ್ರಿ ತಾಯಿ. ನಾವೆಲ್ಲ ಅದ ಅಂದಿವಿ. ಏನೂ ಇಲ್ಲ ಅಂತ ಸರಿಯಾಗಿ ಹೇಳಿದಾವ ಅವನೊಬ್ಬನ."

ಆ ತಾಯಿ ಆ ಮಾತನ್ನು ಒಳಗೆ ಇಳಿಸಿಕೊಳ್ಳುತ್ತಿರುವುದು ಕಾಣಿಸಿತು. ಆಮೇಲೆ ಮೆಲ್ಲಗೆ ಕೇಳಿದರು.

"ಎಂತದೂ ಇಲ್ಲೆ ಅಂತ ತಿಳಿಯಲೆ ಎನ್ನ ಮಾಣಿನೇ ಬೇಕಾಗಿತ್ತ?"

ಅಪ್ಪನ ಕೈಯಲ್ಲಿ ಬೆಲ್ಲದ ಚೂರಿತ್ತು. ಅದನ್ನು ಬಾಯಿಗೂ ಹಾಕಲಿಲ್ಲ, ಕೆಳಗೂ ಇಡಲಿಲ್ಲ. ಅವರು ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು, ಹತ್ತಿರ ಬಂದು ನನ್ನ ಗಲ್ಲ ಹಿಡಿದು ಮುಖ ನೋಡಿದರು.

"ಕೂಸೆ, ನೀ ಗುಳಿಗೆ ತಗಳ್ತ್ಯ?"

ಹೂಂ ಎಂದೆ.

"ಗುಳಿಗೆ ಬಿಡಡ" ಎಂದರು. "ಯಾರು ಎಂತ ಹೇಳಿದ್ರೂ ಬಿಡಡ. ಕಿವಿ ಕೂಗಿದ್ರೆ ಕೂಗಲಿ."